ಮಗಳ ಮೊದಲ ಜಿಂಕೆ ಬೇಟೆ: ಹಗುರ ಗುಂಡು ಯಾಕೆ ಒಳಗೆ ಹೋಗಲಿಲ್ಲ?

ಹೆತ್ತೂರಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯವನು, ಕಾಫಿ ಬೆಳೆಗಾರ. ಅಪ್ಪನ ಕಾಲದ ಜೋಡುನಳಿಗೆ ಕೋವಿ ಮನೆಯಲ್ಲಿದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತಂದು ಎಣ್ಣೆ ಒರೆಸಿ ಇಡುವುದು, ಅದರ ಜೊತೆ ನನ್ನ ಸಂಬಂಧ ಅಷ್ಟೇ. ರೈಫಲ್ ಬಲ್ಲವರು ಇಲ್ಲಿದ್ದೀರಿ ಎಂದು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ನವೆಂಬರಿನಲ್ಲಿ ಹಣ್ಣು ಕುಯ್ಯುವ ಕೆಲಸ ತಮ್ಮನಿಗೆ ಒಪ್ಪಿಸಿ, ನಾನು ಮತ್ತು ಮನೆಯವಳು ಅಮೆರಿಕದ ವಿಸ್ಕಾನ್ಸಿನ್‌ಗೆ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಕೋವಿಯಲ್ಲಿ ಜಿಂಕೆ ಬೇಟೆಗೆ ಅವಕಾಶ. ಲೈಸೆನ್ಸು, ಟ್ಯಾಗು (ಇಂತಿಷ್ಟೇ ಜಿಂಕೆ ಎಂದು ಸರ್ಕಾರ ಕೊಡುವ ಚೀಟಿ), ದೂರಕ್ಕೆ ಕಾಣುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣದ ಅಂಗಿ ಎಲ್ಲ ಕಡ್ಡಾಯ. ಅಳಿಯ ಕೆಲವು ವರ್ಷದಿಂದ ಹೋಗುತ್ತಾರೆ. ಈ ಸಲ ಮಗಳೂ ತರಬೇತಿ ಮುಗಿಸಿ ಲೈಸೆನ್ಸು ತೆಗೆದುಕೊಂಡಿದ್ದಳು.

ಅಳಿಯನ 30-06 ಎನ್ನುವ ದೊಡ್ಡ ಅಳತೆಯ ರೈಫಲ್ ಅವಳಿಗೆ ಬಹಳ ಒದೆಯುತ್ತಿತ್ತು. ಎರಡು ಈಡಿಗೆ ತೋಳು ನೀಲಿಗಟ್ಟಿತ್ತು. ಹಾಗಾಗಿ 243 ವಿಂಚೆಸ್ಟರ್ ಎನ್ನುವ ಸಣ್ಣ ಅಳತೆಯ ರೈಫಲ್ ತಂದು, ಅದಕ್ಕೆ ಹಗುರ ಗುಂಡಿನ ತೋಟೆಗಳನ್ನು ಅಳಿಯ ಮನೆಯಲ್ಲೇ ತುಂಬಿದರು. ಅಲ್ಲಿ ಇದು ಸಾಮಾನ್ಯ ಹವ್ಯಾಸ. ನೆಲಮಾಳಿಗೆಯಲ್ಲಿ ಮೇಜಿಗೆ ಬಿಗಿದ ಒಂದು ಪ್ರೆಸ್, ನಮ್ಮ ಶಾವಿಗೆ ಒರಳಿನ ಹಾಗೆ ಉದ್ದ ಹಿಡಿಕೆಯದ್ದು. ಹಿತ್ತಾಳೆಯ ಖಾಲಿ ತೋಟೆಯನ್ನು ಬೆಳಕಿಗೆ ಹಿಡಿದು, ಕತ್ತಿನ ಹತ್ತಿರ ಬಿರುಕು ಬಿಟ್ಟಿದೆಯಾ ಎಂದು ಒಂದೊಂದಾಗಿ ನೋಡುತ್ತಿದ್ದರು. ಡೈ ಎನ್ನುವ ಅಚ್ಚಿನ ಒಳಗೆ ತೋಟೆ ಕೊಟ್ಟು ಹಿಡಿಕೆ ಒತ್ತಿದರೆ ಹಳೇ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಸಣ್ಣ ಬಟ್ಟಲು) ಕೆಳಗೆ ಬೀಳುತ್ತದೆ, ಉಬ್ಬಿದ ತೋಟೆ ಮತ್ತೆ ಅಳತೆಗೆ ಬರುತ್ತದೆ. ಹೊಸ ಪ್ರೈಮರ್ ಕೂರಿಸಿ, ತಕ್ಕಡಿಯಲ್ಲಿ ತೂಗಿದ ಮದ್ದು ಸುರಿದು, ಕೊನೆಗೆ ಗುಂಡು ಇಟ್ಟು ಒತ್ತಿ ಕೂರಿಸುವುದು. ಪಕ್ಕದಲ್ಲಿ ಪುಸ್ತಕ ತೆರೆದೇ ಇತ್ತು. ನಾನು ಮಾತಾಡಿಸಿದರೆ ಕೈ ನಿಲ್ಲಿಸಿ ಉತ್ತರ ಕೊಡುತ್ತಿದ್ದರು. ಕೆಲಸ ಅಚ್ಚುಕಟ್ಟು.

ಶನಿವಾರ ಬೆಳಿಗ್ಗೆ ಏನೂ ಕಾಣಲಿಲ್ಲ. ಸಂಜೆ ಒಂದು ಹೆಣ್ಣು ಜಿಂಕೆ ನಲವತ್ತು ಗಜಕ್ಕೆ ಬಂತು. ಮಗಳು ಭುಜಕ್ಕೆ ಗುರಿಯಿಟ್ಟು ಹೊಡೆದಳು. ಜಿಂಕೆ ಮುಗ್ಗರಿಸಿ ಎದ್ದು ಓಡಿತು. ನಿಂತಿದ್ದ ಜಾಗದಲ್ಲಿ ಕೂದಲು, ಮೂಳೆಯ ಚೂರು ಸಿಕ್ಕಿತು. ರಕ್ತ ಬಹಳ ಕಡಿಮೆ. ರಾತ್ರಿ ಟಾರ್ಚ್ ಹಿಡಿದು ಜವುಗು ಹುಲ್ಲಿನ ತನಕ ಹೋದರು, ಅಲ್ಲಿಂದ ಮುಂದೆ ಜಾಡು ತಪ್ಪಿತು. ಬೆಳಿಗ್ಗೆ ನೋಡಿದಾಗ ಅದು ಇನ್ನೂ ಬದುಕಿತ್ತು. ಅಳಿಯ ಮುಗಿಸಿದರು.

ಚರ್ಮ ಸುಲಿದಾಗ ನಾನೂ ಇದ್ದೆ. ಭುಜದ ಮೂಳೆ ಪುಡಿ. ಗಾಯ ನನ್ನ ಮುಷ್ಟಿಯಷ್ಟು ಅಗಲ, ಆದರೆ ಆಳ ಎರಡು ಬೆರಳು. ಪಕ್ಕೆಲುಬು ಒಂದೂ ಮುರಿದಿರಲಿಲ್ಲ. ಮಾಂಸದಲ್ಲಿ ತಾಮ್ರದ ಚೂರುಗಳು, ಕಾಫಿ ಬೀಜದ ಬೆಳ್ಳಿಸಿಪ್ಪೆಯಷ್ಟು ತೆಳ್ಳಗೆ.

ಮಗಳು ಆ ರಾತ್ರಿ ನಿದ್ದೆ ಮಾಡಲಿಲ್ಲ, ಊಟ ಬಿಟ್ಟಳು. ಇವತ್ತಿಗೂ ಫೋನಿನಲ್ಲಿ ಅದೇ ಮಾತು. ತಪ್ಪು ಎಲ್ಲಿ ಆಯಿತು? ಗುಂಡು ಹಗುರವಾಗಿದ್ದಕ್ಕಾ, ತೋಟೆ ತುಂಬಿದ್ದರಲ್ಲಾ, ಇಲ್ಲ ಅವಳ ಗುರಿಯಲ್ಲಾ? ಬಲ್ಲವರು ಹೇಳಿ.

ಮಾಜಿ ಹವಾಲ್ದಾರ್, ಅರಕಲಗೂಡು

ಅಣ್ಣ, ಓದಿ ಬೇಜಾರಾಯಿತು. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿ ಮಾಡೋನು, ಆಗಿದ್ದವನು. ತೀರ್ಪು ಕೊಡೋ ಮೊದಲು ಮೂರು ವಿಷಯ ಬೇಕು. ಒಂದು, ಗುಂಡಿನ ತೂಕ ಎಷ್ಟು ಗ್ರೇನ್. ಎರಡು, ಗುಂಡಿನ ಡಬ್ಬಿಯ ಮೇಲೆ ಏನೇನು ಬರೆದಿದೆ, ಒಂದಕ್ಷರ ಬಿಡದೆ. ತೋಟೆಯ ಡಬ್ಬಿ ಅಲ್ಲ, ಗುಂಡಿನ ಡಬ್ಬಿ. ಮೂರು, ಹಾರಿಸಿದ ಖಾಲಿ ತೋಟೆ ಇಟ್ಟಿದ್ದರೆ ಅದರ ಹಿಂಭಾಗದ ಫೋಟೋ. ಪ್ರೈಮರ್ ಚಪ್ಪಟೆಯಾಗಿದೆಯಾ, ಹಿತ್ತಾಳೆ ಮೇಲೆ ಹೊಳೆಯೋ ಕಲೆ ಬಿದ್ದಿದೆಯಾ, ತೋಟೆಯ ಹಿಂದೆ ಬಾಗಿಲಿನ ಹಾಗೆ ಮುಚ್ಚೋ ಬೋಲ್ಟ್ ಎತ್ತುವಾಗ ಬಿಗಿ ಆಯಿತಾ, ಇವನ್ನು ಕೇಳಿ. ತುಂಬಿದ್ದು ಸರಿಯಾ ತಪ್ಪಾ ಅಂತ ತೋಟೆಯೇ ಹೇಳುತ್ತದೆ.

ಮುರಿದಿದ್ದು ಮೂಳೆ, ಪುಡಿಯಾಗಿದ್ದು ಗುಂಡು, ಆಳ ಎರಡೇ ಬೆರಳು. ನನಗೆ ಅನುಮಾನ ಮದ್ದಿನ ಮೇಲಿಲ್ಲ, ಗುಂಡಿನ ಜಾತಿ ಮೇಲೆ.

ಆಲೂರು ಹುಡುಗ

ಅಣ್ಣ ಒಂದು ವಿಷಯ. ಆ ಪ್ರೆಸ್ಸು, ಡೈ ಎಲ್ಲ ನಮ್ಮಲ್ಲಿ ಸಿಗುತ್ತಾ? ನಮ್ಮ ಗದ್ದೆಗೆ ಕಾಡುಹಂದಿ ಬಿದ್ದು ಬದು ಸಮೇತ ಉತ್ತು ಹೋಗಿವೆ. ಮಾವನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇದೆ, ತೋಟೆ ರೇಟು ಕೇಳಂಗೇ ಇಲ್ಲ. ಮನೆಯಲ್ಲೇ ತುಂಬಿಕೊಂಡರೆ ಉಳಿತಾಯ ಅಲ್ವಾ?

ಮೂಡಿಗೆರೆ ಹಿರಿಯ

ತಮ್ಮಾ, ಆ ಯೋಚನೆ ಇಲ್ಲಿಗೇ ಬಿಡು. ಅಮೆರಿಕದ ಕಾನೂನು ಅಮೆರಿಕಕ್ಕೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. ಕೋವಿ ಇಟ್ಟುಕೊಳ್ಳೋ ಲೈಸೆನ್ಸು ಬೇರೆ, ತಯಾರಿಸೋ ಲೈಸೆನ್ಸು ಬೇರೆ. ಮಾವನ ಲೈಸೆನ್ಸೂ ಹೋಗುತ್ತೆ, ನೀನೂ ಒಳಗೆ ಹೋಗ್ತೀಯ. ಇನ್ನು ಬೇಟೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿ ಯಾವುದರ ಮೇಲೂ ಕೋವಿ ಎತ್ತೋ ಹಾಗಿಲ್ಲ. ಹಂದಿ ಅಂತ ನೀನೇ ತೀರ್ಮಾನ ಮಾಡಿ ಹೊಡೆಯೋ ಹಾಗೂ ಇಲ್ಲ. ಫೋಟೋ ತೆಗೆದು ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಹಾಕು. ಪರಿಹಾರ ಸಾಲಲ್ಲ, ಗೊತ್ತು. ಆದರೂ ಅದೇ ದಾರಿ.

ಕಾನೂನು ಒಂದು ಕಡೆ ಇರಲಿ, ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಾನಾಗ ಹತ್ತು ವರ್ಷದವನು. ನಮ್ಮ ದೊಡ್ಡಪ್ಪ ಹಿತ್ತಾಳೆ ತೋಟೆಗೆ ಕೈಯಲ್ಲೇ ಮದ್ದು ತುಂಬೋರು. ಕರಿಮದ್ದಿಗೆ ಒಂದು ಅಳತೆ ಇತ್ತು, ಕೊಂಬಿನದ್ದು, ಹೆಬ್ಬೆರಳಿನಷ್ಟು. ಒಂದು ಸಲ ಯಾರೋ ಹೊಗೆ ಬರದ ಹೊಸ ಮದ್ದು ಕೊಟ್ಟರು. ದೊಡ್ಡಪ್ಪ ಅದನ್ನೂ ಅದೇ ಕೊಂಬಿನಲ್ಲಿ ಅಳೆದು ಸುರಿದರು. ಅಳತೆ ಅದೇ, ಮದ್ದು ಬೇರೆ. ಕಣದ ಪಕ್ಕ ನಿಂತು ಪರೀಕ್ಷೆಗೆ ಅಂತ ಹೊಡೆದರು. ನಳಿಗೆ ಬುಡದಲ್ಲಿ ಬಾಳೆಹಣ್ಣಿನ ಸಿಪ್ಪೆ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ಎಡಗೈಯ ಎರಡು ಬೆರಳು ಹೋದವು. ಆಮೇಲೆ ಇಪ್ಪತ್ತು ವರ್ಷ ಅವರು ಎಲೆ ಅಡಿಕೆ ಮಡಿಸಿದ್ದು ಒಂದೇ ಕೈಯಲ್ಲಿ, ತೊಡೆ ಮೇಲೆ ಇಟ್ಟುಕೊಂಡು. ಅದಕ್ಕೇ ಹೇಳ್ತಿದ್ದೀನಿ.

ಹೆತ್ತೂರಿನವರೇ, ನಿಮ್ಮ ಅಳಿಯ ಪುಸ್ತಕ ತೆರೆದು ಇಟ್ಟುಕೊಂಡು ತೂಗಿ ಸುರಿಯೋರು ಅಂದಿರಿ. ಒಳ್ಳೇದು. ಅವರ ಕೈ ಸರಿಯಾಗಿದೆ.

ಆಲೂರು ಹುಡುಗ

ಆಯ್ತು ದೊಡ್ಡಪ್ಪ. ಗೊತ್ತಿಲ್ಲದೆ ಕೇಳಿದೆ. ಅರ್ಜಿ ಹಾಕ್ತೀನಿ.

ಬೇಲೂರು–ಕೊಲರಾಡೋ

ನಮಸ್ಕಾರ. ಹುಟ್ಟೂರು ಬೇಲೂರು, ಈಗ ಕೊಲರಾಡೋದಲ್ಲಿದ್ದೇನೆ. ನಾನೂ ತೋಟೆ ತುಂಬುತ್ತೇನೆ, 243ಕ್ಕೇ ಹೆಚ್ಚು. ಹವಾಲ್ದಾರರ ಅನುಮಾನ ನನ್ನದೂ ಹೌದು.

ಈ 243 ಬಂದಿದ್ದು 1955ರಲ್ಲಿ. 308 ಎನ್ನುವ ದೊಡ್ಡ ಅಳತೆಯ ರೈಫಲ್ ತೋಟೆಯ ಕತ್ತನ್ನೇ ಕಿರಿದು ಮಾಡಿ 6 ಮಿಲಿಮೀಟರ್ ಗುಂಡು ಕೂರಿಸಿದ್ದು. ಒಂದೇ ರೈಫಲ್‌ನಲ್ಲಿ ಎರಡು ಕೆಲಸ ಆಗಲಿ ಅನ್ನುವುದು ಅದರ ಉದ್ದೇಶ: ಹಗುರ ಗುಂಡಿನಲ್ಲಿ ಹೊಲ ಹಾಳುಮಾಡುವ ಸಣ್ಣ ಪ್ರಾಣಿ, ಭಾರದ ಗುಂಡಿನಲ್ಲಿ ಜಿಂಕೆ. ಅದೇ ವರ್ಷ ರೆಮಿಂಗ್ಟನ್‌ನವರೂ 244 ಅಂತ ಒಂದು ತಂದರು. ಅದರ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳು 12 ಇಂಚಿಗೆ ಒಂದು ಸುತ್ತು. ಹಗುರ, ಗಿಡ್ಡ ಗುಂಡಿಗೆ ಅಷ್ಟು ಸಾಕು. 100 ಗ್ರೇನಿನ ಉದ್ದ ಗುಂಡು ಆ ನಿಧಾನದ ತಿರುಗಿನಲ್ಲಿ ಸರಿಯಾಗಿ ನಿಲ್ಲುತ್ತಿರಲಿಲ್ಲ, ವೇಗ ಸಾಲದ ಬುಗುರಿ ತೂರಾಡಿದ ಹಾಗೆ. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತು ಕೊಟ್ಟಿತ್ತು. ಜನ ಅದನ್ನೇ ಕೊಂಡರು. ರೆಮಿಂಗ್ಟನ್ 1963ರಲ್ಲಿ ಸುತ್ತನ್ನು 9 ಇಂಚಿಗೆ ಇಳಿಸಿ, 6 ಎಂಎಂ ರೆಮಿಂಗ್ಟನ್ ಅಂತ ಹೆಸರು ಬದಲಿಸಿತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಯಾಕೆ ಹೇಳಿದೆ ಅಂದರೆ, ಇವತ್ತಿಗೂ ಅಂಗಡಿಗೆ ಹೋದರೆ 243ಕ್ಕೆ 55 ಗ್ರೇನಿನಿಂದ 105ರ ತನಕ ಗುಂಡು ಸಿಗುತ್ತವೆ. ಎಲ್ಲವೂ ಒಂದೇ ರೈಫಲ್‌ಗೆ ಹೋಗುತ್ತವೆ, ಎಲ್ಲವೂ ಒಂದೇ ಅಗಲ. ಒಂದರ ಕೆಲಸ ಮಾತ್ರ ಇನ್ನೊಂದು ಮಾಡುವುದಿಲ್ಲ. ಸಣ್ಣ ಪ್ರಾಣಿಗೆಂದು ಮಾಡಿದ ಗುಂಡಿಗೆ ತಾಮ್ರದ ಹೊದಿಕೆ ತೀರಾ ತೆಳು. ತಗುಲಿದ ಕೂಡಲೇ ಸಿಡಿದು ಪುಡಿಯಾಗಬೇಕು ಅಂತಲೇ ಮಾಡಿರುತ್ತಾರೆ, ಕಲ್ಲಿಗೆ ತಾಗಿ ಬೇರೆ ಕಡೆ ಹಾರಬಾರದಲ್ಲ. ಇಲ್ಲಿ ಪ್ರೇರಿ ಡಾಗ್ ಅಂತ ಇದೆ, ನಾಯಿಯಲ್ಲ, ನೆಲದಲ್ಲಿ ಬಿಲ ತೋಡುವ ಅಳಿಲಿನ ಬಳಗ, ತೂಕ ಸುಮಾರು ಒಂದು ಕಿಲೋ. ಅದಕ್ಕೆ ಮಾಡಿದ ಗುಂಡು ಜಿಂಕೆಯ ಭುಜಕ್ಕೆ ಬಿದ್ದರೆ ನೀವು ಬರೆದ ಹಾಗೇ ಆಗುವುದು: ಅಗಲ ಗಾಯ, ಆಳ ಇಲ್ಲ.

ಇನ್ನೊಂದು ವಿಷಯ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ನಲವತ್ತು ಗಜ ಅಂದರೆ ಹತ್ತಿರ, ಸುಲಭ ಅಂದುಕೊಳ್ಳುತ್ತೇವೆ. ತೆಳು ಗುಂಡಿಗೆ ಹತ್ತಿರವೇ ಕಷ್ಟ. ನಳಿಗೆ ಬಿಟ್ಟ ವೇಗ ಇನ್ನೂ ಇಳಿದಿರುವುದಿಲ್ಲ, ಆ ವೇಗದಲ್ಲಿ ಮೂಳೆಗೆ ಬಡಿದರೆ ತಡೆದುಕೊಳ್ಳುವುದಿಲ್ಲ.

ಡಬ್ಬಿ ನೋಡಿ ಹೇಳಿ.

ಮುತ್ತೋಡಿ ಹಾದಿ, ಚಿಕ್ಕಮಗಳೂರು

ಕ್ಷಮಿಸಿ, ಜಿಂಕೆ ಕೊಲ್ಲುವ ಚರ್ಚೆ ನಮಗೆ ಯಾಕೆ ಬೇಕು? 1998ರಲ್ಲಿ ಭದ್ರಾ ಹುಲಿ ಮೀಸಲು ಆದಮೇಲೆ ಮುತ್ತೋಡಿಯ ಜನ ತಾತ ಮುತ್ತಾತನ ಜಾಗವನ್ನೇ ಬಿಟ್ಟು ಹೊರಗೆ ಬಂದರು. ಈಗ ಸಂಜೆ ರಸ್ತೆ ಪಕ್ಕ ಚುಕ್ಕೆ ಜಿಂಕೆಯ ಹಿಂಡು ನಿಂತಿರುತ್ತದೆ. ಅದನ್ನು ದಿನಾ ನೋಡುವವನಿಗೆ ಇದನ್ನು ಓದಿದರೆ ಹೊಟ್ಟೆ ಉರಿಯುತ್ತದೆ.

ಹೆತ್ತೂರಿನ ಬೆಳೆಗಾರ

ನಿಮ್ಮ ಮಾತಿಗೆ ನಾನು ಎದುರು ಹೇಳುವುದಿಲ್ಲ. ನಮ್ಮ ತೋಟದ ಕೆರೆಗೂ ಕಾಡುಕುರಿ ನೀರಿಗೆ ಬರುತ್ತದೆ, ನಾಯಿ ಕಟ್ಟಿಹಾಕುತ್ತೇವೆ. ಅಲ್ಲಿಯ ಲೆಕ್ಕ ಬೇರೆ, ಅಲ್ಲಿ ಸರ್ಕಾರವೇ ಎಣಿಸಿ ಟ್ಯಾಗು ಕೊಡುತ್ತದೆ. ನನ್ನ ಪ್ರಶ್ನೆ ಕೊಲ್ಲುವುದು ಹೇಗೆ ಅಂತಲ್ಲ. ಒಂದು ಪ್ರಾಣಿ ರಾತ್ರಿಯಿಡೀ ನರಳಿತಲ್ಲ, ಅದು ಯಾಕಾಯಿತು ಅಂತ. ಅದನ್ನು ತಿಳಿಯದೆ ಬಿಟ್ಟರೆ ಮುಂದಿನ ವರ್ಷ ಇನ್ನೊಂದು ನರಳುತ್ತದೆ.

ಮುತ್ತೋಡಿ ಹಾದಿ, ಚಿಕ್ಕಮಗಳೂರು

ಅರ್ಥವಾಯಿತು ಸರ್. ಮುಂದುವರಿಸಿ.

ಫಿಸಿಕ್ಸ್ ಮೇಡಂ, ಹಾಸನ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕೋವಿ ಮುಟ್ಟಿದವಳಲ್ಲ, ಆದರೆ ಲೆಕ್ಕ ಬರುತ್ತದೆ. ಗ್ರೇನ್ ಎಂದರೇನು ಎಂದು ಕೆಲವರಿಗೆ ಗೊಂದಲ ಇರಬಹುದು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಒಂದು ಕಾಳಿನ ತೂಕದಿಂದ ಬಂದ ಅಳತೆ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ. ಗುಲಗಂಜಿ ಸುಮಾರು 120 ಮಿಲಿಗ್ರಾಂ, ಅಂದರೆ ಎರಡು ಗ್ರೇನಿಗೆ ಸ್ವಲ್ಪ ಕಡಿಮೆ.

ಹಗುರ ಗುಂಡು 75 ಗ್ರೇನ್ ಅಂದುಕೊಳ್ಳಿ, 4.86 ಗ್ರಾಂ. ಸೆಕೆಂಡಿಗೆ 3400 ಅಡಿ ವೇಗ, ಅಂದರೆ 1036 ಮೀಟರ್. ಚಲನಶಕ್ತಿ ಸುಮಾರು 2610 ಜೂಲ್. ಭಾರದ್ದು 100 ಗ್ರೇನ್, 6.48 ಗ್ರಾಂ. ವೇಗ 2950 ಅಡಿ, ಅಂದರೆ 899 ಮೀಟರ್. ಚಲನಶಕ್ತಿ ಸುಮಾರು 2620 ಜೂಲ್. ನೋಡಿ, ಎರಡೂ ಸಮ! ಈ ಒಂದು ಅಂಕಿ ನೋಡಿ ಕೊಂಡವರಿಗೆ ಎರಡು ಗುಂಡೂ ಒಂದೇ ಅನಿಸುತ್ತದೆ.

ಆದರೆ ಸಂವೇಗ (ತೂಕವನ್ನು ವೇಗದಿಂದ ಗುಣಿಸಿದ್ದು) ಲೆಕ್ಕ ಹಾಕಿದರೆ ಭಾರದ್ದು ನೂರಕ್ಕೆ 16ರಷ್ಟು ಹೆಚ್ಚು. ಎರಡರ ಅಗಲವೂ ಒಂದೇ ಆದ್ದರಿಂದ, ಗುಂಡಿನ ಮುಖದ ಪ್ರತಿ ಚದರ ಮಿಲಿಮೀಟರಿನ ಹಿಂದೆ ಇರುವ ತೂಕ ಭಾರದ್ದಕ್ಕೆ ಮೂರನೇ ಒಂದರಷ್ಟು ಜಾಸ್ತಿ. ಮೊಳೆಯ ಹಿಂದೆ ಸುತ್ತಿಗೆ ಎಷ್ಟು ಭಾರ ಅನ್ನುವ ಹಾಗೆ. ಅದೂ ಗುಂಡು ಇಡಿಯಾಗಿ ಉಳಿದರೆ. ಐವತ್ತು ಚೂರಾದರೆ ಪ್ರತಿ ಚೂರಿಗೂ ತನ್ನ ಅಲ್ಪ ತೂಕ ಮಾತ್ರ, ಒಂದೊಂದೂ ಎರಡು ಬೆರಳು ಹೋಗಿ ನಿಂತುಬಿಡುತ್ತದೆ. ಶಕ್ತಿ ಎಲ್ಲೂ ಹೋಗಿಲ್ಲ. ಆ ಮುಷ್ಟಿಯಗಲದ ಗಾಯದಲ್ಲೇ ಖರ್ಚಾಗಿದೆ, ಶ್ವಾಸಕೋಶದ ತನಕ ತಲುಪಿಲ್ಲ.

ಹೆತ್ತೂರಿನ ಬೆಳೆಗಾರ

ನಿನ್ನೆ ರಾತ್ರಿ ವಿಡಿಯೋ ಕಾಲ್ ಮಾಡಿದೆ. ಅಳಿಯ ನೆಲಮಾಳಿಗೆಗೆ ಹೋಗಿ ಡಬ್ಬಿ ತಂದರು. ಮೇಡಂ, ನೀವು ಅಂದಾಜಿಗೆ ಹಿಡಿದ ತೂಕವೇ, 75 ಗ್ರೇನ್. ಹಾಲೋ ಪಾಯಿಂಟ್, ಅಂದರೆ ತುದಿ ಟೊಳ್ಳಾದ ಗುಂಡು. ಡಬ್ಬಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ವರ್ಮಿಂಟ್’ ಎಂದಿದೆ, ಅಂದರೆ ಹೊಲ ಹಾಳುಮಾಡುವ ಸಣ್ಣ ಪ್ರಾಣಿಗೆ. ಅಳಿಯ ಅದನ್ನು ಗಟ್ಟಿಯಾಗಿ ಓದಿದರು, ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ರೈಫಲ್ ಮಾರಿದವರು ಜೊತೆಗೆ ಕೊಟ್ಟ ಡಬ್ಬಿಯಂತೆ. ತೂಕ ನೋಡಿ, ಪುಸ್ತಕದಲ್ಲಿ 75 ಗ್ರೇನಿಗೆ ಇರುವ ಮದ್ದಿನ ಅಳತೆ ನೋಡಿ ತುಂಬಿದ್ದಾರೆ. ಗುಂಡು ಯಾವುದಕ್ಕೆ ಅಂತ ನೋಡಿಲ್ಲ.

ಖಾಲಿ ತೋಟೆಯ ಫೋಟೋ ಹಾಕಿದ್ದೇನೆ. ಬೋಲ್ಟ್ ಸಲೀಸಾಗಿ ಬಂತಂತೆ.

ಮಾಜಿ ಹವಾಲ್ದಾರ್, ಅರಕಲಗೂಡು

ಫೋಟೋ ನೋಡಿದೆ. ಪ್ರೈಮರ್ ಅಂಚು ದುಂಡಗಿದೆ, ಹಿತ್ತಾಳೆ ಮೇಲೆ ಕಲೆ ಇಲ್ಲ. ಒತ್ತಡ ಮಿತಿಯಲ್ಲೇ ಇತ್ತು. ತುಂಬಿದ ಕೈಯಲ್ಲಿ ದೋಷ ಕಾಣುತ್ತಿಲ್ಲ. ದೋಷ ಡಬ್ಬಿ ಆರಿಸಿದ್ದರಲ್ಲಿ.

ಬೇಲೂರು–ಕೊಲರಾಡೋ

ಹಾಗಾದರೆ ಉತ್ತರ ಸಿಕ್ಕಿತು. ಅಳಿಯನವರು ಬಹಳ ನೊಂದುಕೊಳ್ಳುವುದು ಬೇಡ, ಈ ತಪ್ಪು ಕಾನೂನಿನ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಕೊಲರಾಡೋದಲ್ಲಿ ಜಿಂಕೆಗೆ ರೈಫಲ್ ಕನಿಷ್ಠ 6 ಮಿಲಿಮೀಟರ್, ಗುಂಡು ಕನಿಷ್ಠ 70 ಗ್ರೇನ್ ಇರಬೇಕು. 75 ಆ ಗೆರೆ ದಾಟುತ್ತದೆ. ತೂಕದಲ್ಲಿ ಪಾಸು, ಕೆಲಸದಲ್ಲಿ ಫೇಲು.

ಹಗುರ ಗುಂಡು ಅಂದರೇ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಇಡೀ ತಾಮ್ರದಲ್ಲಿ ಮಾಡಿದ ಗುಂಡುಗಳು ಈಗ ಇವೆ, ಒಳಗೆ ಸೀಸವೇ ಇಲ್ಲ. ತುದಿ ನಾಲ್ಕು ಎಸಳಾಗಿ ಅರಳುತ್ತದೆ, ಉಳಿದ ಮೈ ಇಡಿಯಾಗಿ ಮುಂದೆ ಹೋಗುತ್ತದೆ. 80, 85 ಗ್ರೇನಿನ ತಾಮ್ರದ ಗುಂಡು ಜಿಂಕೆಯ ಎರಡು ಪಕ್ಕವನ್ನೂ ದಾಟಿ ಹೊರಗೆ ಬಂದಿದ್ದನ್ನು ನಾನೇ ಕಂಡಿದ್ದೇನೆ. ಸ್ಕಾಟ್ಲೆಂಡಿನಲ್ಲಿ ದೊಡ್ಡ ಜಿಂಕೆಗಳಿಗೆ ಕನಿಷ್ಠ 100 ಗ್ರೇನ್ ಅಂತ ನಿಯಮ ಇತ್ತು, 2023ರಲ್ಲಿ ಅದನ್ನು 80ಕ್ಕೆ ಇಳಿಸಿದರು. ಸೀಸ ಬಿಟ್ಟು ತಾಮ್ರಕ್ಕೆ ಬರುವವರಿಗೆ ಅನುಕೂಲ ಆಗಲಿ ಅಂತಲೇ.

ಒಂದು ಎಚ್ಚರಿಕೆ. ತಾಮ್ರ ಸೀಸಕ್ಕಿಂತ ಹಗುರ ಲೋಹ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡಿಗೆ ಬೇಗ ಸುತ್ತುವ ಗೀರು ಬೇಕು. ಅಳಿಯನ ನಳಿಗೆ 10 ಇಂಚಿಗೆ ಒಂದು ಸುತ್ತಿನದ್ದಾದರೆ ಇಷ್ಟು ತೂಕಕ್ಕೆ ಸಾಕು, ಡಬ್ಬಿಯ ಮೇಲೂ ಬರೆದಿರುತ್ತದೆ.

ಸೀಸದ್ದೇ ಬೇಕೆಂದರೆ 95, 100 ಗ್ರೇನಿನಲ್ಲಿ ಜಿಂಕೆಗೆಂದೇ ಮಾಡಿದ್ದು, ದಪ್ಪ ಹೊದಿಕೆಯದ್ದು ತೆಗೆದುಕೊಳ್ಳಲಿ. ಒಳಗೆ ಅಡ್ಡಗೋಡೆ ಇಟ್ಟ ನಾಸ್ಲರ್ ಪಾರ್ಟಿಷನ್ 1940ರ ದಶಕದಿಂದ ಇದೆ: ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ನುಗ್ಗುತ್ತದೆ. 243ರಲ್ಲಿ ಈ ತೂಕಕ್ಕೂ ಒದೆತ 30-06ರ ಅರ್ಧದಷ್ಟು, ಮಗಳಿಗೆ ಭಾರ ಆಗುವುದಿಲ್ಲ.

ದನದ ಡಾಕ್ಟ್ರು, ಕೊಪ್ಪ

ನಾನು ಪಶುವೈದ್ಯ. ಗುಂಡಿನ ವಿಷಯ ಬಲ್ಲವರು ಹೇಳಿಯಾಯಿತು, ಮೈಯ ವಿಷಯ ನಾನು ಹೇಳುತ್ತೇನೆ.

ಹಸು, ಆಡು, ಜಿಂಕೆ ಯಾವುದೇ ಇರಲಿ, ಮುಂಗಾಲಿನ ಹಲಗೆ ಮೂಳೆ ಎದೆಗೂಡಿನ ಹೊರಗೆ, ಪಕ್ಕಕ್ಕೆ ಆತುಕೊಂಡಿರುತ್ತದೆ. ಭುಜವನ್ನು ಎದೆಗೆ ಸೇರಿಸುವ ಕೊರಳೆಲುಬು ನಮಗಿದೆ, ಅವಕ್ಕಿಲ್ಲ. ಮುಂಗಾಲು ದೇಹಕ್ಕೆ ಮೂಳೆಯಿಂದ ಅಂಟಿಲ್ಲ, ಮಾಂಸಖಂಡದಿಂದ ತೂಗುಹಾಕಿದೆ. ಅದಕ್ಕೇ ಭುಜ ಪುಡಿಯಾದರೂ ಮೂರು ಕಾಲಿನಲ್ಲಿ ಓಡುತ್ತದೆ. ಹೃದಯ, ಶ್ವಾಸಕೋಶ ಇರುವುದು ಆ ಹಲಗೆಯ, ಅದರ ದಪ್ಪ ಮಾಂಸದ ಮತ್ತು ಪಕ್ಕೆಲುಬಿನ ಹಿಂದೆ. ನಿಮ್ಮ ಗುಂಡು ಮೊದಲ ಬಾಗಿಲಲ್ಲೇ ಒಡೆದಿದೆ.

ಪ್ರಾಣಿ ಪೂರ್ತಿ ಅಡ್ಡ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಎತ್ತರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ತಾಗಿದರೆ ದಾರಿಯಲ್ಲಿ ತೆಳು ಪಕ್ಕೆಲುಬು ಬಿಟ್ಟು ಏನೂ ಇಲ್ಲ. ಎರಡೂ ಶ್ವಾಸಕೋಶ ಅಲ್ಲೇ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಆ ಮಗುವಿಗೆ ಇದನ್ನು ಹೇಳಿ.

ಮತ್ತೊಂದು. ಆ ಮುಂಗಾಲಿನ ಮಾಂಸ ತಿಂದಿರಾ? ಸೀಸದ ಗುಂಡು ಒಡೆದರೆ ಕಣ್ಣಿಗೆ ಕಾಣದ ಚೂರು ಗಾಯದಿಂದ ಬಹು ದೂರ ಹರಡಿರುತ್ತದೆ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನ ಬಂದಿದ್ದ ಜಿಂಕೆಯ ಕೊಚ್ಚಿದ ಮಾಂಸದಲ್ಲಿ ಸೀಸ ಕಂಡು, ಹಂಚಬೇಡಿ ಎಂದು ಆರೋಗ್ಯ ಇಲಾಖೆಯೇ ಹೇಳಿತು. ಮಕ್ಕಳಿದ್ದ ಮನೆಯಾದರೆ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಲಿ. ಎಸೆಯುವುದೂ ಹಕ್ಕಿ ಮುಟ್ಟದ ಹಾಗೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳು ಬೇಟೆಯ ಉಳಿಕೆಯಲ್ಲಿದ್ದ ಸೀಸ ತಿಂದೇ ಸತ್ತವು. ಅದಕ್ಕೇ ಅಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ನಮ್ಮಲ್ಲಿ ಸತ್ತ ದನ ತಿನ್ನುವ ರಣಹದ್ದಿಗೆ ದನದ ನೋವಿನ ಔಷಧಿ ಡೈಕ್ಲೋಫೆನಾಕ್ ಮೃತ್ಯುವಾಯಿತು, 2006ರಲ್ಲಿ ನಿಲ್ಲಿಸುವಷ್ಟರಲ್ಲಿ ಆಕಾಶವೇ ಖಾಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಸೂಜಿಯನ್ನು ನನ್ನ ಕೈಯಲ್ಲೇ ಎಷ್ಟು ದನಕ್ಕೆ ಚುಚ್ಚಿದ್ದೇನೋ ಲೆಕ್ಕವಿಲ್ಲ. ಅದು ನೆನಪಾದರೆ ಈಗಲೂ ಸಂಕಟ.

ಹೆತ್ತೂರಿನ ಬೆಳೆಗಾರ

ಡಾಕ್ಟ್ರೇ, ಆ ಮುಂಗಾಲನ್ನು ನಾವು ಮುಟ್ಟಲಿಲ್ಲ. ನೋಡಿದ ಮೇಲೆ ಯಾರಿಗೂ ಮನಸ್ಸಾಗಲಿಲ್ಲ. ಮಗಳಿಗೆ ಈ ಪುಟ ಕಳಿಸಿದ್ದೆ. ಅವಳೇ ಬರೆಯುತ್ತೇನೆ ಎಂದಿದ್ದಾಳೆ, ಕೆಳಗೆ ಹಾಕುತ್ತಿದ್ದೇನೆ:

“ಎಲ್ಲರಿಗೂ ನಮಸ್ಕಾರ. ಅಪ್ಪ ನನ್ನ ಪರವಾಗಿ ಬರೆದಿದ್ದಾರೆ, ಆದರೆ ಒಂದು ವಿಷಯ ಅವರಿಗೂ ಹೇಳಿರಲಿಲ್ಲ. ತರಬೇತಿಯಲ್ಲಿ ಭುಜದ ಹಿಂದೆ ಅಂತಲೇ ಕಲಿಸಿದ್ದರು. ಆ ಜಿಂಕೆ ಪೂರ್ತಿ ಅಡ್ಡ ನಿಂತಿರಲಿಲ್ಲ, ಸ್ವಲ್ಪ ನನ್ನ ಕಡೆಗೆ ತಿರುಗಿತ್ತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಅಡ್ಡ ಬರುತ್ತಿತ್ತು. ಬೆಳಕು ಇಳಿಯುತ್ತಿತ್ತು, ನಾನು ಕಾಯಲಿಲ್ಲ. ಬೆಳಿಗ್ಗೆ ಅದು ನಮ್ಮನ್ನು ನೋಡಿದಾಗ ತಲೆ ಎತ್ತಿತು, ಏಳಲು ಆಗಲಿಲ್ಲ. ಡಬ್ಬಿಯ ತಪ್ಪು ಎಷ್ಟೋ ಇರಲಿ, ಆ ಎರಡು ಹೆಜ್ಜೆ ನನ್ನದು. ಮುಂದಿನ ಸಲ ಹೋಗಬೇಕೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ. ಹೋದರೆ ಮತ್ತೆ 30-06 ಹಿಡಿಯಬೇಕಾ? ಇವರು ಹೇಳುವುದು, 30-06ರಲ್ಲೇ ಮದ್ದು ಕಡಿಮೆ ಮಾಡಿ ತುಂಬಿದರೆ ಒದೆತ ಇಳಿಯುತ್ತದೆ ಅಂತ.”

ಮೂಡಿಗೆರೆ ಹಿರಿಯ

ಮಗಳೇ, ನಿನ್ನ ಮಾತು ಎರಡು ಸಲ ಓದಿದೆ. ಕಾಯದೆ ಹೊಡೆದೆ ಅಂತ ನೀನೇ ಒಪ್ಪಿಕೊಂಡೆಯಲ್ಲ, ನಾನು ಶಿಕಾರಿ ನೋಡಿದ ಕಾಲದಲ್ಲಿ ಆ ಮಾತು ಆಡಿದ ಗಂಡಸರು ಕಡಿಮೆ. ಗಾಯವಾದದ್ದನ್ನು ಹುಡುಕದೆ ಮನೆಗೆ ಬಂದು ಊಟಕ್ಕೆ ಕೂತವರನ್ನು ಕಂಡಿದ್ದೀನಿ. ನೀವು ಬೆಳಗಾಗೋದನ್ನೇ ಕಾಯ್ದು ಮತ್ತೆ ಹೋದಿರಿ. ಹೋಗಬೇಕೋ ಬೇಡವೋ ನಿನಗೆ ಬಿಟ್ಟಿದ್ದು ತಾಯಿ. ಹೋದರೆ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿಸೋ ಕೋವಿ ಮಾತ್ರ ಹಿಡಿಯಬೇಡ. ಗುರಿ ಕೆಡೋದು ಅಲ್ಲೇ.

ಮಾಜಿ ಹವಾಲ್ದಾರ್, ಅರಕಲಗೂಡು

ತಂಗಿ, 243 ಸಾಕು. ರೈಫಲ್ ಬದಲಿಸಬೇಡ, ಗುಂಡು ಬದಲಿಸು.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳು. ಮದ್ದು ಹೆಚ್ಚಾದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಕಡಿಮೆಯಾದರೂ ಅಪಾಯ ಅನ್ನೋದು ಹಲವರಿಗೆ ಗೊತ್ತಿಲ್ಲ. ನಿಧಾನ ಉರಿಯುವ ರೈಫಲ್ ಮದ್ದನ್ನು ಪುಸ್ತಕದ ಕನಿಷ್ಠಕ್ಕಿಂತ ಕೆಳಗೆ ಇಳಿಸಿದರೆ, ತೋಟೆಯೊಳಗೆ ಖಾಲಿ ಜಾಗ ಜಾಸ್ತಿಯಾಗಿ ಒತ್ತಡ ಒಮ್ಮೆಲೇ ಏರಿ ರೈಫಲ್ ಒಡೆದ ಪ್ರಸಂಗಗಳಿವೆ. ಒದೆತ ಇಳಿಸಬೇಕೆಂದರೆ ಪುಸ್ತಕದಲ್ಲೇ ಅದಕ್ಕೆಂದು ಬೇರೆ ಮದ್ದು, ಬೇರೆ ಅಳತೆ ಕೊಟ್ಟಿರುತ್ತಾರೆ. ಕೈ ಅಂದಾಜಿಗೆ ಕಡಿಮೆ ಮಾಡೋದು ಬೇಡ.

ತಾಮ್ರಕ್ಕೆ ಹೋದರೆ ಹಳೇ ಅಳತೆ ಮರೆಯಲಿ. 80 ಗ್ರೇನ್ ಸೀಸದ್ದಕ್ಕೆ ಇದ್ದ ಮದ್ದು 80 ಗ್ರೇನ್ ತಾಮ್ರದ್ದಕ್ಕೆ ಆಗಲ್ಲ. ಗುಂಡು ಉದ್ದ, ತೋಟೆಯ ಒಳಗೆ ಜಾಗ ತಿನ್ನುತ್ತೆ, ಒತ್ತಡ ಏರುತ್ತೆ. ಆ ಗುಂಡು ಮಾಡಿದವರದ್ದೇ ಪುಸ್ತಕ ನೋಡಿ, ಕೊಟ್ಟಿರುವ ಶುರುವಿನ ಅಳತೆಯಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಹಂತದಲ್ಲೂ ಖಾಲಿ ತೋಟೆ ನೋಡಬೇಕು. ಅಳತೆಯ ಅಂಕಿ ನಾನು ಇಲ್ಲಿ ಬರೆಯುವುದಿಲ್ಲ, ಯಾರು ಕೇಳಿದರೂ ಬರೆಯುವುದಿಲ್ಲ. ಅದು ಪುಸ್ತಕದಿಂದಲೇ ಬರಬೇಕು. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು, ಒಂದೇ ಡಬ್ಬಿ ಗುಂಡು. ಕೆಲಸ ಮುಗಿದ ಕೂಡಲೇ ತೋಟೆ ಡಬ್ಬಿಗೆ ಚೀಟಿ: ಗುಂಡಿನ ಹೆಸರು, ತೂಕ, ಮದ್ದು, ತಾರೀಖು, ಮತ್ತು ಯಾವ ಕೆಲಸಕ್ಕೆ.

ಬೇಲೂರು–ಕೊಲರಾಡೋ

ಹವಾಲ್ದಾರರ ಮಾತಿಗೆ ನನ್ನದೂ ಸಹಿ. ತಂಗಿ, ಮೊದಲು ಕಾಗದಕ್ಕೆ ಹೊಡಿ, ನೂರು ಗಜಕ್ಕೆ. ಬೆಂಚಿನ ಮೇಲಷ್ಟೇ ಅಲ್ಲ, ಕಾಡಿನಲ್ಲಿ ಕೂರುವ ಹಾಗೇ ಕೂತು ಹೊಡಿ.

ಹೆತ್ತೂರಿನ ಬೆಳೆಗಾರ

ಬಹಳ ದಿನವಾಯಿತು, ಕ್ಷಮಿಸಿ. ಇಲ್ಲಿ ಮಳೆ ಹಿಡಿದು ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ನೆರಳು ಕಪಾತು ಮಾತ್ರ ಹೇಗೋ ಮುಗಿಸಿಕೊಂಡಿದ್ದೆ.

ಮಗಳು ನಿನ್ನೆ ಫೋಟೋ ಕಳಿಸಿದ್ದಾಳೆ. 80 ಗ್ರೇನಿನ ತಾಮ್ರದ ಗುಂಡು ತಂದಿದ್ದಾರೆ, ನಳಿಗೆ 10 ಇಂಚಿಗೆ ಒಂದು ಸುತ್ತಿನದ್ದೇ. ಹವಾಲ್ದಾರರು ಹೇಳಿದ ಹಾಗೆ ಕೆಳಗಿನಿಂದ ಶುರು ಮಾಡಿ ಆರು ವಾರ ತೆಗೆದುಕೊಂಡಿದ್ದಾರೆ. ನೂರು ಗಜಕ್ಕೆ ಮೂರು ಈಡು: ಹತ್ತು ರೂಪಾಯಿ ನಾಣ್ಯ ಇಟ್ಟರೆ ಎರಡು ತೂತು ಮುಚ್ಚುತ್ತವೆ, ಮೂರನೆಯದು ಅಂಚಿಗೆ ತಾಗುತ್ತದೆ. ತೋಳು ನೋಯಲಿಲ್ಲವಂತೆ. ಡಾಕ್ಟ್ರು ಹೇಳಿದ್ದನ್ನು ಓದಿ ಒಂದು ರಟ್ಟಿನ ಮೇಲೆ ಜಿಂಕೆಯ ಆಕಾರ ಬರೆದು, ಒಳಗೆ ಹಲಗೆ ಮೂಳೆ, ಶ್ವಾಸಕೋಶ ಎಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟುಕೊಂಡಿದ್ದಾಳೆ. ಅಡ್ಡ ನಿಂತದ್ದೊಂದು, ತಿರುಗಿ ನಿಂತದ್ದೊಂದು. ನವೆಂಬರಿಗೆ ಹೋಗುತ್ತಾಳಂತೆ. ತಿರುಗಿ ನಿಂತದ್ದಕ್ಕೆ ಹೊಡೆಯುವುದಿಲ್ಲ ಎಂದು ಅವಳ ಅಮ್ಮನಿಗೆ ಮಾತು ಕೊಟ್ಟಿದ್ದಾಳೆ.

ಮೂಡಿಗೆರೆ ಹಿರಿಯ

ಸಂತೋಷ. ಆ ಹಳೇ ಡಬ್ಬಿ ಏನು ಮಾಡಿದರು?

ಹೆತ್ತೂರಿನ ಬೆಳೆಗಾರ

ಅದರ ನಾಲ್ಕೂ ಮಗ್ಗುಲಿಗೆ ಕನ್ನಡದಲ್ಲಿ ದಪ್ಪಗೆ ‘ಜಿಂಕೆಗಲ್ಲ’ ಅಂತ ಬರೆದು ಮೇಲಿನ ಹಲಗೆಗೆ ಇಟ್ಟಿದ್ದಾಳೆ. ಕಾಗದಕ್ಕೆ ಹೊಡೆದು ಮುಗಿಸುತ್ತಾರಂತೆ.